ತಬ್ಬಲಿ ಕರುವಿಗೆ ಬಾಟಲಿ ಹಾಲು

ನಡುರಾತ್ರಿ ಹಸು ಕರು ಹಾಕಿದೆ. ಬೆಳಗಾಗುವ ಹೊತ್ತಿಗೆ ತಾಯಿ ಹಾಲುಜ್ವರದಿಂದ ಏಳಲಾರದೆ ಮಲಗಿಬಿಟ್ಟಿದೆ. ನಡುಗುವ ಕಾಲುಗಳ ಮೇಲೆ ನಿಂತ ಕರು ಕೊಟ್ಟಿಗೆಯ ಗೋಡೆಯನ್ನೇ ಚೀಪುತ್ತಿದೆ. ಮನೆಯ ಮಕ್ಕಳು ಬಾಟಲಿ ಹುಡುಕಿ ತರುವುದು ಇಂಥ ಹೊತ್ತಿನಲ್ಲೇ. ಆದರೆ ಕುಡಿಸುವ ಕ್ರಮ ತಪ್ಪಿದರೆ ಆ ಹಾಲೇ ಕರುವಿನ ಪ್ರಾಣಕ್ಕೆ ಎರವಾದೀತು.

ಮೊದಲು ಕೊಡಬೇಕಾದದ್ದು ಗಿಣ್ಣುಹಾಲು. ಮನುಷ್ಯರ ಮಗುವಿಗೆ ಗರ್ಭದಲ್ಲಿರುವಾಗಲೇ ತಾಯಿಯಿಂದ ಒಂದಷ್ಟು ರೋಗನಿರೋಧಕ ವಸ್ತುಗಳು ಬಂದಿರುತ್ತವೆ. ಕರುವಿಗೆ ಆ ಭಾಗ್ಯವಿಲ್ಲ. ಅದು ಅವನ್ನು ಗಿಣ್ಣಿನಿಂದಲೇ ಪಡೆಯಬೇಕು. ಕರುಳು ಅವನ್ನು ಹೀರಿಕೊಳ್ಳುವುದು ಹುಟ್ಟಿದ ಸುಮಾರು 24 ಗಂಟೆಗಳವರೆಗೆ ಮಾತ್ರ. ಹೊತ್ತು ಕಳೆದಂತೆ ಆ ಶಕ್ತಿಯೂ ಕುಗ್ಗುತ್ತದೆ. ಆದ್ದರಿಂದ ಮೊದಲ ಒಂದೆರಡು ಗಂಟೆಯೊಳಗೇ ಗಿಣ್ಣು ಹೊಟ್ಟೆಗೆ ಇಳಿಯಬೇಕು. ಕರುವಿನ ತೂಕದ ಹತ್ತನೇ ಒಂದು ಪಾಲು, ಅಂದರೆ 25 ಕಿಲೋ ಕರುವಿಗೆ ಮೊದಲ ದಿನ ಸುಮಾರು ಎರಡೂವರೆ ಲೀಟರ್. ತಾಯಿಯಲ್ಲಿ ಇಲ್ಲವಾದರೆ ಆಗಷ್ಟೇ ಈದ ಬೇರೊಂದು ಆರೋಗ್ಯವಂತ ಹಸುವಿನದಾದರೂ ಆದೀತು. ಬೆಲ್ಲ ಹಾಕಿ ಗಿಣ್ಣು ಬೇಯಿಸಿ ನೆರೆಮನೆಗೆಲ್ಲ ಹಂಚುವ ಪದ್ಧತಿ ಒಳ್ಳೆಯದೇ, ಕರುವಿನ ಪಾಲು ತೆಗೆದಿಟ್ಟ ಮೇಲೆ!

ಗಿಣ್ಣನ್ನು ನೇರವಾಗಿ ಒಲೆಯ ಮೇಲಿಟ್ಟರೆ ಗಟ್ಟಿಯಾಗುತ್ತದೆ. ಪಾತ್ರೆಯನ್ನು ಬಿಸಿನೀರಿನಲ್ಲಿಟ್ಟು ಕರುವಿನ ಮೈಬಿಸಿಯಷ್ಟು, ಸುಮಾರು 39 ಡಿಗ್ರಿ ಸೆಲ್ಸಿಯಸ್‌ಗೆ, ಬೆಚ್ಚಗಾಗಿಸಿದರೆ ಸಾಕು.

ಇನ್ನು ಕುಡಿಸುವ ಭಂಗಿ. ದನಕ್ಕೆ ಗೊಟ್ಟದಲ್ಲಿ ಔಷಧ ಹಾಕಿ ರೂಢಿಯಾದವರು ಕರುವಿನ ಮೂತಿಯನ್ನೂ ಆಕಾಶಕ್ಕೆತ್ತಿ ಹಾಲು ಸುರಿಯುತ್ತಾರೆ. ಹಾಗೆ ಮಾಡಿದಾಗ ಹಾಲು ಶ್ವಾಸನಾಳಕ್ಕೆ ಇಳಿದು ನ್ಯುಮೋನಿಯಾ ಆಗಬಹುದು. ಕರು ನಿಂತಿರಬೇಕು, ಇಲ್ಲವೇ ಎದೆಯೂರಿ ನೆಟ್ಟಗೆ ಕುಳಿತಿರಬೇಕು. ತಾಯಿಯ ಕೆಚ್ಚಲಿಗೆ ಬಾಯಿ ಹಾಕುವಾಗ ಕತ್ತು ಎಷ್ಟು ಚಾಚುತ್ತದೋ ಬಾಟಲಿಯ ಎತ್ತರವೂ ಅಷ್ಟೇ ಇರಲಿ. ಬಾಟಲಿಯನ್ನು ಹಿಚುಕಬಾರದು. ತಲೆಕೆಳಗು ಮಾಡಿದಾಗ ನಿಪ್ಪಲ್‌ನಿಂದ ಹಾಲು ತೊಟ್ಟಿಕ್ಕಬೇಕೇ ಹೊರತು ಧಾರೆಯಾಗಬಾರದು. ಬೇಗ ಮುಗಿಯಲೆಂದು ತೂತು ದೊಡ್ಡದು ಮಾಡುವುದೇ ಹಲವು ಮನೆಗಳಲ್ಲಿ ಆಗುವ ತಪ್ಪು.

ಚೀಪುವುದಕ್ಕೆ ಇನ್ನೊಂದು ಮಹತ್ವವಿದೆ. ಮೆಲುಕು ಹಾಕುವ ಪ್ರಾಣಿಯ ಹೊಟ್ಟೆಯಲ್ಲಿ ನಾಲ್ಕು ಕೋಣೆಗಳೆಂದು ವಿದ್ಯಾರ್ಥಿಗಳು ಓದಿರುತ್ತಾರೆ. ಎಳೆಗರುವಿನಲ್ಲಿ ಹಾಲು ಅರಗುವುದು ನಾಲ್ಕನೆಯದರಲ್ಲಿ. ಕರು ಚೀಪಿದಾಗ ಅನ್ನನಾಳದ ತುದಿಯಲ್ಲಿರುವ ಒಂದು ಮಡಿಕೆ ಕೊಳವೆಯಂತೆ ಮುಚ್ಚಿಕೊಂಡು, ಹಾಲನ್ನು ಮೊದಲ ಕೋಣೆಗಳಿಗೆ ಬಿಡದೆ ನೇರ ಅಲ್ಲಿಗೆ ಸಾಗಿಸುತ್ತದೆ. ದಾರಿ ತಪ್ಪಿದ ಹಾಲು ಮೊದಲ ಕೋಣೆಯಲ್ಲಿ ಹುಳಿಯುತ್ತದೆ, ಹೊಟ್ಟೆ ಉಬ್ಬರಿಸುತ್ತದೆ.

ಕುಡಿಯುವಾಗ ಕೆಮ್ಮಿದರೆ, ಮೂಗಿನಲ್ಲಿ ಹಾಲು ಬಂದರೆ ತಕ್ಷಣ ಬಾಟಲಿ ತೆಗೆದು ತಲೆ ತಗ್ಗಿಸಲು ಬಿಡಬೇಕು. ಬಾಯಿಗೆ ಬೆರಳಿಟ್ಟರೂ ಚೀಪದ, ಮೈ ತಣ್ಣಗಾಗಿ ಕತ್ತು ಚೆಲ್ಲಿದ ಕರುವಿಗೆ ಬಾಟಲಿ ಹಿಡಿಯಲೇಬಾರದು. ಅದಕ್ಕೆ ನಳಿಕೆಯಲ್ಲಿ ಹಾಲು ಕೊಡಬೇಕಾದೀತು. ಪಶುವೈದ್ಯರನ್ನು ಕರೆಸುವುದೇ ದಾರಿ.

ಪ್ರತಿ ಸಲವೂ ಬಾಟಲಿ, ನಿಪ್ಪಲ್‌ಗಳನ್ನು ಬಿಸಿನೀರು ಸೋಪಿನಿಂದ ತಿಕ್ಕಿ ಬೋರಲು ಹಾಕಿ ಒಣಗಿಸಬೇಕು. ಬಾಟಲಿ ಖಾಲಿಯಾದ ಮೇಲೂ ಕರು ಅಂಗಿಯ ತುದಿ, ಜೊತೆಯ ಕರುವಿನ ಕಿವಿ, ಏನು ಸಿಕ್ಕರೂ ಚೀಪುತ್ತದೆ. ಅದು ಚೀಪುವ ಚಪಲ. ಪಾಪ, ಇನ್ನೂ ಹಸಿದಿದೆಯೆಂದು ಮಕ್ಕಳು ಮತ್ತೊಂದು ಬಾಟಲಿ ತುಂಬಿಸಿ ತಂದರೆ ಮರುದಿನ ಕರು ಭೇದಿಯಿಂದ ಮಲಗಬಹುದು.