ರಕ್ತದ ಹನಿಯಲ್ಲಿ ಲಿವರ್ ಕ್ಯಾನ್ಸರಿನ ಮುನ್ಸೂಚನೆ

ಹಾಂಗ್‌ಕಾಂಗ್‌ನ ಚೀನೀ ವಿಶ್ವವಿದ್ಯಾಲಯದ ತಂಡ 2008ರಲ್ಲಿ ಬರೆದ ಪ್ರಬಂಧವೊಂದು ಸಿಕ್ಕಾಗಿನಿಂದ ಅದರ ಗುಂಗಿನಲ್ಲೇ ಇದ್ದೇನೆ. ಲಿವರ್ ಕ್ಯಾನ್ಸರ್ ಇದ್ದ 63 ಮಂದಿಯ ರಕ್ತದಲ್ಲಿ ಅವರು ಅಳೆದದ್ದು ಮೀಥೈಲ್ ಅಂಟಿದ ಆರ್‌ಎಎಸ್‌ಎಸ್‌ಎಫ್1ಎ ಜೀನಿನ ಚೂರುಗಳನ್ನು. ಕೋಶಗಳು ಹದ್ದುಮೀರಿ ಬೆಳೆಯದಂತೆ ನೋಡಿಕೊಳ್ಳುವ ಜೀನ್ ಅದು. ಮೀಥೈಲ್ ಗುಂಪುಗಳು ಅಂಟಿಕೊಂಡರೆ, ಡಿಎನ್‌ಎಯ ಒಂದಕ್ಷರವೂ ಬದಲಾಗದೆ ಅದರ ಬಾಯಿ ಕಟ್ಟಿಹೋಗುತ್ತದೆ. ಗಡ್ಡೆಯ ಕೋಶಗಳು ಸತ್ತಾಗ ಆ ಚೂರುಗಳು ರಕ್ತಕ್ಕೆ ಇಳಿಯುತ್ತವೆ.

ಅವರು ಅಳೆದ ಬಗೆಯೇ ಚೆಂದ. ಇಂಥ ಕೆಲಸಕ್ಕೆ ಸಾಮಾನ್ಯವಾಗಿ ಬೈಸಲ್ಫೈಟ್ ಎಂಬ ರಾಸಾಯನಿಕ ಬಳಸುತ್ತಾರೆ; ಮೊದಲೇ ಅತ್ಯಲ್ಪವಿರುವ ಡಿಎನ್‌ಎ ಅದರಿಂದ ಬಹುಪಾಲು ಹಾಳಾಗುತ್ತದೆ. ಇವರು ಬಳಸಿದ ಕಿಣ್ವ ಮೀಥೈಲ್ ಇಲ್ಲದ ಚೂರನ್ನು ತುಂಡರಿಸುತ್ತದೆ, ಮೀಥೈಲ್ ಇರುವುದನ್ನು ಮುಟ್ಟುವುದಿಲ್ಲ. ಉಳಿದದ್ದನ್ನು ಪಿಸಿಆರ್‌ನಲ್ಲಿ ಎಣಿಸಿದರಾಯಿತು.

ಈ ತಂಡದ ಡೆನಿಸ್ ಲೋ ಅವರ ನೂಡಲ್ಸ್ ಪ್ರಸಂಗ ಹೇಳದೆ ಮುಂದೆ ಹೋಗಲಾರೆ. ಗರ್ಭಿಣಿಯ ಪ್ಲಾಸ್ಮಾದಿಂದ ಡಿಎನ್‌ಎ ತೆಗೆಯುವುದು ಹೇಗೆಂದು ಯೋಚಿಸುತ್ತಿದ್ದಾಗ, ಇನ್‌ಸ್ಟಂಟ್ ನೂಡಲ್ಸ್ ಬೇಯಿಸುವಂತೆ ಪ್ಲಾಸ್ಮಾವನ್ನೇ ಕೆಲವು ನಿಮಿಷ ಕುದಿಸಿ ನೋಡೋಣ ಎನಿಸಿತಂತೆ. ಕುದಿಸಿದ ಆ ಪ್ಲಾಸ್ಮಾದಲ್ಲಿ ಗಂಡು ಭ್ರೂಣದ ವೈ ಕ್ರೋಮೋಸೋಮಿನ ಡಿಎನ್‌ಎ ಸಿಕ್ಕಿತು. ಇದು ಪ್ರಕಟವಾದದ್ದು 1997ರಲ್ಲಿ. ಎರಡೇ ವರ್ಷಕ್ಕೆ ಅದೇ ಕುತೂಹಲ ಲಿವರ್ ಕ್ಯಾನ್ಸರಿನತ್ತ ಹೊರಳಿತು: 22 ಗಡ್ಡೆಗಳ ಪೈಕಿ 16ರಲ್ಲಿ ಪಿ16 ಎಂಬ ಇನ್ನೊಂದು ಜೀನಿಗೆ ಮೀಥೈಲ್ ಅಂಟಿತ್ತು, ಆ 16ರಲ್ಲಿ 13 ರೋಗಿಗಳ ರಕ್ತದಲ್ಲೂ ಅದೇ ಗುರುತು.

2008ರ ಅಂಕಿಗಳಿಗೆ ಬರೋಣ. ಆರ್‌ಎಎಸ್‌ಎಸ್‌ಎಫ್1ಎ ಗುರುತು ಕ್ಯಾನ್ಸರ್ ರೋಗಿಗಳಲ್ಲಿ ಶೇ 93 ಮಂದಿಗೆ, ಆರೋಗ್ಯವಂತರಲ್ಲಿ ಶೇ 8 ಮಂದಿಗೆ ಕಂಡಿತು. ಆದರೆ ಕ್ಯಾನ್ಸರ್ ಇಲ್ಲದ, ಹೆಪಟೈಟಿಸ್ ಬಿ ವೈರಸ್ ಹೊತ್ತವರಲ್ಲೂ ಶೇ 58 ಮಂದಿಗೆ ಕಾಣಿಸಿತು! ಹಾಗಾಗಿ ಗುರುತು ಇದೆ, ಇಲ್ಲ ಎಂಬುದಷ್ಟನ್ನೇ ನಂಬಿ ಕೂರುವಂತಿಲ್ಲ. ವರ್ಷಗಟ್ಟಲೆ ಉರಿಯೂತದಲ್ಲಿ ಬೆಂದ ಲಿವರಿನಲ್ಲೂ ಮೀಥೈಲ್ ಜಮೆಯಾಗುತ್ತದೆ. ಪ್ರಮಾಣ ಮಾತ್ರ ಬೇರೆಯೇ ಕಥೆ ಹೇಳುತ್ತದೆ. ಮಿಲಿಲೀಟರಿಗೆ ರೋಗಿಗಳಲ್ಲಿ ಮಧ್ಯಾಂಕ 770 ಪ್ರತಿ, ವೈರಸ್ ಹೊತ್ತವರಲ್ಲಿ 118. ರೋಗ ಪತ್ತೆಯಾದಾಗ ಅಥವಾ ಶಸ್ತ್ರಚಿಕಿತ್ಸೆಯಾಗಿ ಒಂದು ವರ್ಷದ ಮೇಲೆ ಈ ಪ್ರಮಾಣ ಹೆಚ್ಚಿದ್ದವರಿಗೆ ರೋಗಮುಕ್ತವಾಗಿ ಕಳೆಯುವ ಕಾಲ ಕಡಿಮೆಯಾಗಿತ್ತು.

ಲಿವರ್ ಕ್ಯಾನ್ಸರಿನ ಹಂತ ನಿರ್ಧರಿಸಲು ವೈದ್ಯರು ಇಂದಿಗೂ ನೆಚ್ಚುವ ಬಾರ್ಸಿಲೋನಾ ವರ್ಗೀಕರಣದಲ್ಲಿ ಗಡ್ಡೆಯ ಗಾತ್ರ, ಸಂಖ್ಯೆ, ರಕ್ತನಾಳಕ್ಕೆ ಹಬ್ಬಿದೆಯೇ, ಲಿವರಿನ ಕಸುವೆಷ್ಟು, ರೋಗಿ ಎದ್ದು ಓಡಾಡುತ್ತಾನೆಯೇ ಎಂಬ ಲೆಕ್ಕವಿದೆ; ಮೀಥೈಲ್ ಇಲ್ಲ. ಅದು ಸರಿಯೆಂದೇ ನನ್ನ ಅನಿಸಿಕೆ. ಸ್ಕ್ಯಾನ್ ಹೇಳುವುದನ್ನೇ ರಕ್ತವೂ ಹೇಳಿದರೆ ಹೊಸ ಪರೀಕ್ಷೆಯ ಖರ್ಚು ಯಾರಿಗೆ ಬೇಕು? ನನ್ನ ಆಸೆಯೆಲ್ಲ ಶಸ್ತ್ರಚಿಕಿತ್ಸೆಯ ನಂತರದ ಆ ರಕ್ತದ ಮೇಲೆ. ಗಡ್ಡೆ ತೆಗೆದವರಲ್ಲಿ ಯಾರನ್ನು ಮೂರು ತಿಂಗಳಿಗೊಮ್ಮೆ ಕರೆಸಬೇಕು, ಯಾರಿಗೆ ಆರು ತಿಂಗಳು ಸಾಕು ಎಂದು ಅದು ಹೇಳುವಂತಾದರೆ, ಬಾರ್ಸಿಲೋನಾದ ಪಟ್ಟಿಗೆ ಇನ್ನೊಂದು ಸಾಲು ಸೇರಲಿ.