ಬಾಗುವ ರೆಕ್ಕೆಯ ಲೆಕ್ಕ

ಎಂ.ಟೆಕ್ ಎರಡನೇ ವರ್ಷದಲ್ಲಿ ಊರಿಗೆ ಹೋಗಿದ್ದಾಗ ಅಮ್ಮ ಕೇಳಿದಳು, ‘ಏನೋ ಅದು ನಿನ್ನ ಪ್ರಾಜೆಕ್ಟು?’

‘ಏರೋಪ್ಲೇನ್ ಚಿಟ್ಟೆ ಥರ ರೆಕ್ಕೆ ಬಡಿಯೋ ಪುಟ್ಟ ಡ್ರೋನ್ ಅಮ್ಮ. ಅದರ ರೆಕ್ಕೇನ ಕಂಪ್ಯೂಟರಲ್ಲಿ ಹಾರಿಸಿ ನೋಡೋದು.’

‘ಹಿತ್ತಲಲ್ಲಿ ಬೇಕಾದಷ್ಟು ಹಾರ್ತಾವಲ್ಲೋ, ಅವನ್ನೇ ನೋಡಬಾರದಾ!’

ನಗು ಬಂತು. ಆದರೆ ಈ ಕ್ಷೇತ್ರದ ಘಟಾನುಘಟಿಗಳು ಮೊದಲು ಮಾಡಿದ್ದೂ ಅದನ್ನೇ. 1996ರಲ್ಲಿ ಕೇಂಬ್ರಿಜ್‌ನ ಚಾರ್ಲ್ಸ್ ಎಲಿಂಗ್ಟನ್ ಮತ್ತು ಸಂಗಡಿಗರು ದೊಡ್ಡ ಪತಂಗವೊಂದನ್ನು ಹೊಗೆಯಲ್ಲಿ ಹಾರಿಸಿ ನೋಡಿದರು. ರೆಕ್ಕೆಯ ಮುಂದಂಚಿನ ಮೇಲೆ ಗಾಳಿ ಸುಳಿಯಾಗಿ ಸುತ್ತಿಕೊಳ್ಳುತ್ತಿತ್ತು. ಸುಳಿಯೊಳಗೆ ಒತ್ತಡ ಕಡಿಮೆ, ಹಾಗಾಗಿ ರೆಕ್ಕೆ ಮೇಲಕ್ಕೆಳೆಯಲ್ಪಡುತ್ತದೆ. 2013ರಲ್ಲಿ ಹಾರ್ವರ್ಡ್‌ನವರು ಹಾರಿಸಿದ ರೋಬೋಬೀ ತೂಗುತ್ತಿದ್ದದ್ದು ಸುಮಾರು 80 ಮಿಲಿಗ್ರಾಂ. ಅಷ್ಟು ಚಿಕ್ಕದಕ್ಕೆ ವಿಮಾನದ ರೆಕ್ಕೆಯನ್ನೇ ಕುಗ್ಗಿಸಿ ಅಂಟಿಸಿದರೆ ಆಗೋದಿಲ್ಲ.

ಇನ್ನು ಬಾಗುವಿಕೆ. ಕರೆಂಟ್ ಹೋದಾಗ ಗಟ್ಟಿ ರಟ್ಟಿನಲ್ಲಿ ಬೀಸಿಕೊಳ್ಳಿ, ಆಮೇಲೆ ತೆಳು ನೋಟ್‌ಬುಕ್ಕಲ್ಲಿ. ನನಗಂತೂ ರಟ್ಟಿನಲ್ಲೇ ಕೈ ಬೇಗ ಸೋಲುತ್ತೆ. ಹುಳದ ರೆಕ್ಕೆಯೂ ಬಡಿತದ ಮಧ್ಯೆ ತಿರುಚಿಕೊಳ್ಳುತ್ತೆ, ಡೊಂಕಾಗುತ್ತೆ. 2009ರಲ್ಲಿ ಆಕ್ಸ್‌ಫರ್ಡ್ ಮತ್ತು ಆಸ್ಟ್ರೇಲಿಯಾದ ಸಂಶೋಧಕರು ಮಿಡತೆಯ ರೆಕ್ಕೆಯನ್ನು ವೇಗದ ಕ್ಯಾಮೆರಾಗಳಲ್ಲಿ ಸೆರೆಹಿಡಿದು, ಅದೇ ಆಕಾರವನ್ನು ಕಂಪ್ಯೂಟರಿಗೆ ಕೊಟ್ಟರು. ಆಮೇಲೆ ತಿರುಚು, ಡೊಂಕು ಎಲ್ಲ ತೆಗೆದು ಚಪ್ಪಟೆ ರೆಕ್ಕೆಯನ್ನೂ ಹಾರಿಸಿದರು. ನಿಜವಾದ ಆಕಾರದ ರೆಕ್ಕೆಗೆ ಖರ್ಚಾಗುವ ಶಕ್ತಿ ಕಡಿಮೆ ಅಂತ ಗೊತ್ತಾಯಿತು.

ಅವರಿಗೆ ರೆಕ್ಕೆ ಹೇಗೆ ಬಾಗುತ್ತದೆ ಅಂತ ಕ್ಯಾಮೆರಾ ಹೇಳಿತ್ತು. ನನ್ನ ರೆಕ್ಕೆ ಇನ್ನೂ ಹುಟ್ಟೇ ಇರಲಿಲ್ಲವಲ್ಲ, ಕ್ಯಾಮೆರಾ ಎಲ್ಲಿಂದ ತರೋದು? ಗಾಳಿಯನ್ನು ಲಕ್ಷಾಂತರ ಪುಟ್ಟ ಕೋಶಗಳಾಗಿ ಒಡೆದು, ಪ್ರತಿಯೊಂದರಲ್ಲೂ ವೇಗ, ಒತ್ತಡ ಲೆಕ್ಕ ಹಾಕಬೇಕು. ಆ ಒತ್ತಡಕ್ಕೆ ರೆಕ್ಕೆ ಬಾಗುತ್ತೆ. ಬಾಗಿದ ಕೂಡಲೇ ಸುತ್ತಲಿನ ಗಾಳಿ ಬದಲಾಗುತ್ತೆ, ಒತ್ತಡವೂ ಬದಲಾಗುತ್ತೆ, ರೆಕ್ಕೆ ಮತ್ತೆ ಬೇರೆ ಥರ ಬಾಗುತ್ತೆ. ಎರಡೂ ರಾಜಿಯಾಗೋವರೆಗೆ ಆ ಕಡೆ ಈ ಕಡೆ ಲೆಕ್ಕ ಓಡಾಡಬೇಕು. ಇದೆಲ್ಲ ಒಂದು ಕ್ಷಣಕ್ಕೆ ಮಾತ್ರ. ಒಂದು ಬಡಿತ ಮುಗಿಸಲು ಇಂಥ ಸಾವಿರಾರು ಕ್ಷಣಗಳು. ರೆಕ್ಕೆ ಹಗುರವಾದಷ್ಟೂ ಈ ರಾಜಿ ಕಷ್ಟ. ಎಷ್ಟೋ ರಾತ್ರಿ ರನ್ ಹಾಕಿ ಮಲಗಿದರೆ, ಬೆಳಿಗ್ಗೆ ರೆಕ್ಕೆ ಮುದ್ದೆಯಾಗಿ ಪ್ರೋಗ್ರಾಂ ಸತ್ತಿರುತ್ತಿತ್ತು.

ಕೊನೆಗೊಮ್ಮೆ ಓಡಿತು. ಬಾಗುವ ರೆಕ್ಕೆ ಗಟ್ಟಿ ರೆಕ್ಕೆಯನ್ನು ಎತ್ತುಬಲದಲ್ಲಿ ಎಲ್ಲೋ ಹಿಂದೆ ಹಾಕಿತ್ತು. ಗ್ರಾಫ್ ನೋಡಿ ಲ್ಯಾಬಲ್ಲಿ ಎಲ್ಲರಿಗೂ ಟೀ ಕೊಡಿಸಿದೆ. ಸಮ್ಮೇಳನಕ್ಕೆ ಸಾರಾಂಶ ಕಳಿಸಿದ್ದೂ ಆಯಿತು.

ಆಮೇಲೆ, ಮಾಡಬೇಕಲ್ಲ ಅಂತ, ಕೋಶಗಳನ್ನು ಇನ್ನಷ್ಟು ಚಿಕ್ಕದು ಮಾಡಿ ಮತ್ತೊಮ್ಮೆ ಓಡಿಸಿದೆ. ಹನ್ನೊಂದು ದಿನ ಹಿಡಿಯಿತು. ಲಾಭದ ಬಹುಪಾಲು ಮಾಯ! ಹಳೆ ಲೆಕ್ಕದಲ್ಲಿ ಸುಳಿ ಕಳಚಿಕೊಳ್ಳಬೇಕಾದ ಹೊತ್ತಿಗೆ ಕಳಚದೆ ರೆಕ್ಕೆಗೇ ಅಂಟಿಕೊಂಡಿತ್ತು. ಅದು ಗಾಳಿಯ ಗುಣವಲ್ಲ, ನನ್ನ ದಪ್ಪ ಕೋಶಗಳ ಕೃಪೆ. ಉಳಿದದ್ದು ಶಕ್ತಿಯಲ್ಲಿ ಒಂಚೂರು ಉಳಿತಾಯ.

ಎರಡು ದಿನ ಯಾರಿಗೂ ಹೇಳಲಿಲ್ಲ. ಹೊಸ ರನ್ ಫೋಲ್ಡರನ್ನು ಡಿಲೀಟ್ ಮಾಡಿದರೆ ಕೇಳುವವರಿರಲಿಲ್ಲ; ಆ ಯೋಚನೆ ಬರಲಿಲ್ಲ ಅಂದರೆ ಸುಳ್ಳಾಗುತ್ತೆ. ಮೂರನೇ ದಿನ ಲ್ಯಾಪ್‌ಟಾಪ್ ಹಿಡಿದು ಗೈಡ್ ಹತ್ತಿರ ಹೋದೆ.

‘ಸರ್, ಮೊದಲಿನದು ತಪ್ಪು.’

ಅವರು ಎರಡೂ ಗ್ರಾಫನ್ನು ತುಂಬಾ ಹೊತ್ತು ನೋಡಿದರು. ‘ಇನ್ನೂ ಚಿಕ್ಕ ಕೋಶದಲ್ಲಿ ಮತ್ತೊಂದು ಹಾಕಿ. ಇದಕ್ಕೇ ಬಂದು ನಿಂತರೆ ಎರಡನ್ನೂ ಬರೀರಿ,’ ಅಂದರು. ಸಮ್ಮೇಳನದಿಂದ ಹಿಂದೆ ಸರಿದೆವು.

ಅದಕ್ಕೇ ಬಂದು ನಿಂತಿತು. ಥೀಸಿಸ್‌ನಲ್ಲಿ ಎರಡೂ ಗೆರೆಗಳಿವೆ, ತಪ್ಪಿನದು ಕೆಂಪು, ಸರಿಯಾದದ್ದು ನೀಲಿ. ವೈವಾದಲ್ಲಿ ಪರೀಕ್ಷಕರು ಮುಕ್ಕಾಲು ಗಂಟೆ ಕೇಳಿದ್ದು ಕೆಂಪು ಗೆರೆ ಬಗ್ಗೆ ಮಾತ್ರ.