ಸೇವಂತಿಗೆ ಎಣಿಸುವುದು ಇರುಳನ್ನು

ಬಳ್ಳಾರಿಯ ಓದುಗರೊಬ್ಬರು ಕೇಳಿದ್ದಾರೆ: "ಕುರುಗೋಡಿನ ತವರುಮನೆಯಿಂದ ಸೇವಂತಿಗೆಯ ಎರಡು ಕಂದು ತಂದಿದ್ದೆ. ಹಿತ್ತಲಲ್ಲಿ ಕೊತ್ತಂಬರಿ, ಪುದೀನದ ಪಕ್ಕ ನೆಟ್ಟದ್ದು ದೀಪಾವಳಿ ಹೊತ್ತಿಗೆ ಮೈತುಂಬ ಹೂ ಬಿಟ್ಟಿತು. ಗೇಟಿನ ಹತ್ತಿರ ಬೀದಿದೀಪದ ಕೆಳಗೆ ಇಟ್ಟ ಕುಂಡದಲ್ಲಿ ಮಾತ್ರ ಬರೀ ಎಲೆ. ನೀರು, ಗೊಬ್ಬರ ಎರಡಕ್ಕೂ ಒಂದೇ. ಮಣ್ಣಿನ ದೋಷವೇ?"

ನನ್ನ ಅನುಮಾನ ಮಣ್ಣಿನ ಮೇಲಲ್ಲ, ಬೀದಿದೀಪದ ಮೇಲೆ. ಒಂದೇ ತಾಯಿಗಿಡದ ಎರಡು ಕಂದು ಎಂದರೆ ವಂಶವಾಹಿಗಳ ಲೆಕ್ಕದಲ್ಲಿ ಎರಡೂ ಒಂದೇ ಗಿಡ. ಹಾಗಾಗಿ ಈ ತಾಯಿ ತಮಗೆ ಅರಿವಿಲ್ಲದೆಯೇ ಒಳ್ಳೆಯ ಪ್ರಯೋಗವೊಂದನ್ನು ಮಾಡಿದ್ದಾರೆ. ಇಂಥದ್ದೇ ಒಂದು ಒಗಟು ನೂರು ವರ್ಷಗಳ ಹಿಂದೆ ಅಮೆರಿಕದ ಇಬ್ಬರು ಸಸ್ಯವಿಜ್ಞಾನಿಗಳನ್ನು ಕಾಡಿತ್ತು.

ಅವರು ಗಾರ್ನರ್ ಮತ್ತು ಅಲಾರ್ಡ್. ಅವರ ಬಳಿ ಇದ್ದದ್ದು 'ಮೇರಿಲ್ಯಾಂಡ್ ಮ್ಯಾಮತ್' ಎಂಬ ತಂಬಾಕು ತಳಿ. ಬೇಸಿಗೆಯಿಡೀ ಆಳೆತ್ತರ ಮೀರಿ ಬೆಳೆದರೂ ಅದು ಹೂವನ್ನೇ ಬಿಡುತ್ತಿರಲಿಲ್ಲ. ಗೊಬ್ಬರ, ತೇವ, ಶಾಖ ಎಲ್ಲವನ್ನೂ ಬದಲಿಸಿ ನೋಡಿ ಸೋತರು. ಕೊನೆಗೆ 1918ರ ಬೇಸಿಗೆಯಲ್ಲಿ ಕುಂಡಗಳನ್ನು ಸಂಜೆ ನಾಲ್ಕಕ್ಕೇ ಕತ್ತಲ ಗುಡಿಸಿಲಿಗೆ ಸೇರಿಸಿ ಬೆಳಿಗ್ಗೆ ಒಂಬತ್ತಕ್ಕೆ ಹೊರಗೆ ತರತೊಡಗಿದರು. ಗಿಡ ಹೂ ಬಿಟ್ಟಿತು! 1920ರಲ್ಲಿ ಅವರು ಪ್ರಕಟಿಸಿದ ಪ್ರಬಂಧದಿಂದ ಗಿಡಗಳು ಹಗಲಿನ ಉದ್ದವನ್ನು ಅಳೆಯುತ್ತವೆ ಎಂಬುದು ಜಗತ್ತಿಗೆ ತಿಳಿಯಿತು.

ಆದರೆ ಅಳತೆ ನಿಜಕ್ಕೂ ಹಗಲಿನದೇ? 1938ರಲ್ಲಿ ಹ್ಯಾಮ್ನರ್ ಮತ್ತು ಬಾನರ್ ಇದಕ್ಕೆ ಉತ್ತರ ಹುಡುಕಿದ್ದು ಕ್ಸಾಂಥಿಯಂ ಎಂಬ ಕಳೆಗಿಡದಲ್ಲಿ. ಹೊಲದ ಬದುವಿನಲ್ಲಿ ನಡೆದರೆ ಪಂಚೆಗೆ, ಸೆರಗಿಗೆ ಅಂಟಿಕೊಳ್ಳುವ ಮುಳ್ಳುಕಾಯಿಯ ಗಿಡ ಅದು. ಹಗಲಿನ ನಡುವೆ ಕತ್ತಲು ಕವಿಸಿದರೆ ಅದಕ್ಕೆ ಲೆಕ್ಕವೇ ಇಲ್ಲ. ಉದ್ದನೆಯ ಇರುಳಿನ ನಡುವೆ ಒಂದೇ ನಿಮಿಷ ಬೆಳಕು ಬಿದ್ದರೂ ಹೂ ಇಲ್ಲ. ಗಿಡ ಎಣಿಸುವುದು ಇರುಳನ್ನು, ಅದೂ ಮುರಿಯದ ಇರುಳನ್ನು.

ನಮ್ಮ ಅಡುಗೆಮನೆಯಲ್ಲೇ ಇದಕ್ಕೊಂದು ಹೋಲಿಕೆಯಿದೆ. ರಾತ್ರಿ ಹಾಲಿಗೆ ಹೆಪ್ಪು ಹಾಕಿ ಪಾತ್ರೆಯನ್ನು ಅಲುಗಾಡದ ಮೂಲೆಯಲ್ಲಿಡುತ್ತೇವೆ. ಅದು ಗಟ್ಟಿಯಾಗಲು ಇಷ್ಟು ಹೊತ್ತು ಬೇಕೇ ಬೇಕು. ನಡುರಾತ್ರಿ ಯಾರೋ ಸೌಟು ಹಾಕಿ ಕಲಕಿದರೆ ಬೆಳಿಗ್ಗೆ ಸಿಗುವುದು ಗಡ್ಡೆ ಮೊಸರಲ್ಲ, ನೀರು ಬಿಟ್ಟ ಮೊಸರು. ಸೇವಂತಿಗೆಯ ಎಲೆಯೂ ಪ್ರತಿ ಸಂಜೆ ಹೀಗೆ ಹೆಪ್ಪು ಹಾಕಿಕೊಳ್ಳುತ್ತದೆ. ಫೈಟೋಕ್ರೋಮ್ ಎಂಬ ವರ್ಣದ್ರವ್ಯ ಬೆಳಕಿನಲ್ಲಿ ಒಂದು ರೂಪಕ್ಕೆ ಹೊರಳುತ್ತದೆ, ಕತ್ತಲಲ್ಲಿ ನಿಧಾನವಾಗಿ ಹಳೆಯ ರೂಪಕ್ಕೆ ಮರಳುತ್ತದೆ. ಬೀದಿದೀಪವೇ ಆ ಸೌಟು.

ಕತ್ತಲನ್ನು ಅಳೆಯುವುದು ಎಲೆ, ಮೊಗ್ಗು ಮೂಡುವುದು ಚಿಗುರಿನ ತುದಿಯಲ್ಲಿ. ಸೋವಿಯತ್ ವಿಜ್ಞಾನಿ ಮಿಖಾಯಿಲ್ ಚೈಲಖ್ಯಾನ್ 1930ರ ದಶಕದಲ್ಲಿ ಇದನ್ನು ತೋರಿಸಿದ್ದೂ ಸೇವಂತಿಗೆಯಲ್ಲೇ. ಎಲೆಯಿಂದ ತುದಿಗೆ ಹೋಗುವ ಆ ಕಾಣದ ಸಂದೇಶಕ್ಕೆ ಅವರು 'ಫ್ಲೋರಿಜೆನ್' ಎಂದು ಹೆಸರಿಟ್ಟರು. ಅದು ಕೈಗೆ ಸಿಗಲು ಎಪ್ಪತ್ತು ವರ್ಷ ಬೇಕಾಯಿತು. 2007ರಲ್ಲಿ ಅದು ಒಂದು ಪುಟ್ಟ ಪ್ರೋಟೀನು ಎಂಬುದು ಖಚಿತವಾಯಿತು. ಜಪಾನಿನ ವಿಜ್ಞಾನಿಗಳು ಅದನ್ನು ಹಿಡಿದದ್ದು ಭತ್ತದಲ್ಲಿ. ಸಿರುಗುಪ್ಪದಲ್ಲಿ ತುಂಗಭದ್ರೆಯ ನೀರುಂಡು ತೆನೆ ಹೊಡೆಯುವ ಭತ್ತವೂ ನಿಮ್ಮ ಕುಂಡದ ಸೇವಂತಿಗೆಯೂ ಒಂದೇ ಬಗೆಯ ಸಂದೇಶಕ್ಕೆ ಓಗೊಡುತ್ತವೆ ಎಂಬುದು ನನಗೆ ಇಂದಿಗೂ ರೋಮಾಂಚನ ತರುತ್ತದೆ. 2013ರಲ್ಲಿ ಜಪಾನಿನಿಂದಲೇ ಇನ್ನೊಂದು ಸುದ್ದಿ ಬಂತು: ಇರುಳಿನಲ್ಲಿ ಬೆಳಕು ಬಿದ್ದ ಸೇವಂತಿಗೆ ಸುಮ್ಮನಿರುವುದಿಲ್ಲ, ಹೂವನ್ನು ತಡೆಯುವ ಪ್ರೋಟೀನನ್ನೇ ತಯಾರಿಸುತ್ತದೆ.

ಬಳ್ಳಾರಿಯಲ್ಲಿ ಜೂನ್‌ ತಿಂಗಳ ಅತಿ ಉದ್ದದ ಹಗಲು ಸುಮಾರು 13 ಗಂಟೆ, ಡಿಸೆಂಬರಿನ ಅತಿ ಚಿಕ್ಕ ಹಗಲು ಸುಮಾರು ಹನ್ನೊಂದೂಕಾಲು. ಇಷ್ಟು ಸಣ್ಣ ವ್ಯತ್ಯಾಸವನ್ನೂ ಗಿಡ ಗುರುತಿಸುತ್ತದೆ. ಕೋಲಾರ, ಚಿಕ್ಕಬಳ್ಳಾಪುರದ ಕಡೆ ಬೆಳೆಗಾರರು ರಾತ್ರಿ ಸೇವಂತಿಗೆ ತೋಟಕ್ಕೆ ಬಲ್ಬು ಹಾಕುವುದು ಅಲಂಕಾರಕ್ಕಲ್ಲ. ಗಿಡ ಎತ್ತರಕ್ಕೆ ಬೆಳೆಯುವ ತನಕ ಹೂವನ್ನು ತಡೆದಿಟ್ಟು, ಹಬ್ಬದ ದಿನ ಲೆಕ್ಕ ಹಾಕಿ ದೀಪ ಆರಿಸುತ್ತಾರೆ. ಆದ್ದರಿಂದ 'ಈ ಎಲ್‌ಇಡಿ ದೀಪ ಹಾಕಿದರೆ ವರ್ಷವಿಡೀ ಎಲ್ಲ ಗಿಡಗಳೂ ಹೂ ಬಿಡುತ್ತವೆ' ಎಂಬ ಜಾಹೀರಾತನ್ನು ನಂಬಬೇಡಿ. ಸೇವಂತಿಗೆಗೆ ರಾತ್ರಿ ದೀಪ ಹಾಕಿದರೆ ಹೂವಿಗೇ ಅಡ್ಡಿ.

ಪಕ್ಕದ ಕೊತ್ತಂಬರಿಯದು ಇದಕ್ಕೆ ತದ್ವಿರುದ್ಧ ಸ್ವಭಾವ. ಹಗಲು ಉದ್ದವಾಗಿ ಬಿಸಿಲು ಏರಿದಂತೆ ಅದಕ್ಕೆ ಹೂವಿನ ಆತುರ. ಅಗಲವಾಗಿದ್ದ ಎಲೆ ಸಬ್ಬಸಿಗೆಯಂತೆ ದಾರದೆಳೆಯಾಗಿ, ನಡುವಿನಿಂದ ಹೂಕಡ್ಡಿ ಎದ್ದರೆ ಸೊಪ್ಪಿನ ಕಾಲ ಮುಗಿಯಿತು. ನಲವತ್ತು ಡಿಗ್ರಿ ಮುಟ್ಟುವ ನಮ್ಮ ಬೇಸಿಗೆಯಲ್ಲಿ ಅದನ್ನು ತಡೆಯಲಾಗದು. ಸೊಪ್ಪು ಬೇಕೆಂದರೆ ಮಳೆ ಮುಗಿದ ಮೇಲೆ, ಚಳಿಯ ದಿನಗಳಲ್ಲಿ ಹದಿನೈದು ದಿನಕ್ಕೊಮ್ಮೆ ಒಂದೊಂದು ಹಿಡಿ ಬಿತ್ತುತ್ತಾ ಹೋಗಿ.

ಓದುಗರಿಗೆ ನನ್ನ ಸಲಹೆ ಇಷ್ಟೇ. ಶ್ರಾವಣ ಮುಗಿಯುವುದರೊಳಗೆ ಗೇಟಿನ ಕುಂಡವನ್ನು ಹಿತ್ತಲಿಗೆ ಒಯ್ಯಿರಿ. ಅಲ್ಲೂ ಅಡುಗೆಮನೆ ಕಿಟಕಿಯ ಬೆಳಕು ಅದರ ಮೇಲೆ ಬೀಳದಿರಲಿ. ಕೆಲವು ವಾರಗಳಲ್ಲಿ ಕೊಂಬೆಯ ತುದಿಯ ಎಳೆ ಎಲೆಗಳನ್ನು ಮೆಲ್ಲಗೆ ಬಿಡಿಸಿ ನೋಡಿ, ನಡುವೆ ಅಂಗಿ ಗುಂಡಿಗಿಂತ ಚಿಕ್ಕದಾದ ಹಸಿರು ಮೊಗ್ಗು ಕೂತಿರುತ್ತದೆ.